ಉಡಿ ತುಂಬಿಸಿಕೊಂಡ ಚುನಾವಣೆ

ಹೊಸ ಬಡಾವಣೆಗೆ ಮನೆ ಬದಲಾಯಿಸಿ ಕೆಲವು ವರ್ಷಗಳಾದರೂ ನನ್ನ ಕುಬುಸದ ಅಳತೆ ಗೊತ್ತಿರುವುದು ಹಳೇ ಓಣಿಯ ದರ್ಜಿ ಈರಣ್ಣನಿಗೆ ಮಾತ್ರ. ಮೊನ್ನೆ ಬೀರುವಿನ ತಳದಿಂದ ಒಂದು ಹಸಿರು ಖಣ ತೆಗೆದು ಚೀಲದಲ್ಲಿಟ್ಟುಕೊಂಡು ಅತ್ತ ಹೊರಟೆ. ದಾವಣಗೆರೆಗೆ ಚಳಿ ಆಗತಾನೇ ಕಾಲಿಟ್ಟಿತ್ತು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಮೆಣಸಿನಕಾಯಿ ಬೀಸುವ ಘಾಟು ಮೂಗಿಗೆ ಬಡಿದು ನಿಂತಲ್ಲೇ ಸೀನತೊಡಗಿದೆ. ವರ್ಷಗಟ್ಟಲೆ ಅದೇ ಘಾಟಿನಲ್ಲಿ ಕೂತು ಒಮ್ಮೆಯೂ ಸೀನದವಳು ನಾನು. ಆ ಹಿಟ್ಟಿನ ಗಿರಣಿ ನಮ್ಮದಾಗಿತ್ತು, ಈಗ ಬೇರೆಯವರ ಕೈಯಲ್ಲಿದೆ. ಇಣುಕಿ ನೋಡಿದೆ. ತಕ್ಕಡಿ ಅದೇ, ಬೆಂಚು ಅದೇ. ಹಿಟ್ಟು ಮೆತ್ತಿದ ಗೋಡೆಯಲ್ಲಿ ನನ್ನ ಪೋಸ್ಟರಿನ ಒಂದು ತುಂಡು ಇನ್ನೂ ಅಂಟಿಕೊಂಡಿತ್ತು. ನನ್ನ ಮುಖ ಹರಿದುಹೋಗಿ ಐಸ್‌ಕ್ರೀಂ ಮಾತ್ರ ಉಳಿದಿತ್ತು.

ಐಸ್‌ಕ್ರೀಂ ಕಳೆದ ಪಾಲಿಕೆ ಚುನಾವಣೆಯಲ್ಲಿ ನನ್ನ ಚಿಹ್ನೆ. ಪಕ್ಷೇತರಳಾಗಿ ನಿಂತವಳಿಗೆ ಪಕ್ಷಗಳದ್ದು ಬಿಟ್ಟು ಉಳಿದ ಚಿಹ್ನೆಗಳಲ್ಲಿ ಒಂದು ಸಿಗುತ್ತದೆ. ನನಗೆ ತಕ್ಕಡಿಯ ಮೇಲೆ ಆಸೆಯಿತ್ತು. ಗಿರಣಿಯವಳಿಗೆ ಅದಕ್ಕಿಂತ ಒಪ್ಪುವುದು ಯಾವುದಿದೆ? ಆದರೆ ಪಟ್ಟಿಯಲ್ಲಿ ತಕ್ಕಡಿಯೇ ಇರಲಿಲ್ಲ. "ಕಾರ್ತಿಕ ಮಾಸದಾಗ ಐಸ್‌ಕ್ರೀಂ ಹಿಡ್ಕಂಡು ಹೊಂಟೀಯಲ್ಲ, ಜನಕ್ಕ ನೆಗಡಿ ಬರ್ಸಿ ಗೆಲ್ಲಬೇಕಂತ ಮಾಡೀಯೇನು?" ಎಂದು ನಮ್ಮ ಯಜಮಾನರು ನಕ್ಕರು. ಅವರು ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ನಾನು ನಿಲ್ಲುತ್ತೇನೆಂದಾಗ ಅವರು ಹಾಕಿದ್ದು ಒಂದೇ ಷರತ್ತು, "ನೀನು ನಿಂದ್ರು, ಗಿರಣಿ ನಿಂದ್ರಬಾರ್ದು."

ನಿಲ್ಲುವ ಯೋಚನೆ ಹುಟ್ಟಿದ್ದೂ ಗಿರಣಿಯಲ್ಲೇ. ಆ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅಲ್ಲಿಯವರೆಗೆ ಸದಸ್ಯರಾಗಿದ್ದವರು ಪರಮೇಶಪ್ಪ. ನಮ್ಮ ಓಣಿಯ ಮೇಲ್ಗಡೆ ದೊಡ್ಡ ಮನೆ, ಎಣ್ಣೆ ವ್ಯಾಪಾರ, ಜೋರು ದನಿ. ಮೀಸಲಾತಿ ಪ್ರಕಟವಾದ ಮರುದಿನವೇ ಅವರು ತಮ್ಮ ಹೆಂಡತಿಯ ಫೋಟೋ ತೆಗೆಸಿದರೆಂಬ ಸುದ್ದಿ ಬಂತು. ಜೋಳದ ಡಬ್ಬಿ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದ ಹೆಂಗಸರು ಅದನ್ನೇ ಆಡಿಕೊಂಡು ನಗುತ್ತಿದ್ದರು. ಹಾಲಮ್ಮ ಎಂಬ ಹಿರಿಯ ಹೆಂಗಸು, ಗಂಡ ತೀರಿಹೋದ ಮೇಲೆ ಒಬ್ಬಳೇ ಮಂಡಕ್ಕಿ ಮಾರಿ ಮಕ್ಕಳನ್ನು ಬೆಳೆಸಿದವಳು, ನಗಲಿಲ್ಲ. "ಶಾರದಕ್ಕ, ಈ ಓಣಿ ಹೆಣ್ಮಕ್ಕಳ ಕಷ್ಟ ಎಲ್ಲಾ ನಿನ್ನ ಗಿರಣಿ ಒಳಗೇ ಬರ್ತೈತೆ. ನೀನ್ಯಾಕ ನಿಂದ್ರಬಾರ್ದು?" ಎಂದು ಕೇಳಿದಳು. ಬೆಲ್ಟು ತಿರುಗುತ್ತಿತ್ತು, ನನಗೆ ಸರಿಯಾಗಿ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿಸಿಕೊಂಡೆ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ತೂಕದಲ್ಲಿ ಒಂದು ಹಿಡಿ ಹಿಟ್ಟು ಮೋಸ ಮಾಡಿದವಳಲ್ಲ ಎಂಬ ಹೆಸರು ನನಗಿತ್ತು. ಆ ಹೆಸರೊಂದನ್ನೇ ನಂಬಿ ನಿಂತೆ.

ಎದುರಾಳಿ ಪರಮೇಶಪ್ಪನವರ ಹೆಂಡತಿ ಗಿರಿಜಕ್ಕ. ನಾವಿಬ್ಬರೂ ಹರಿಹರದವರು. ಹೊಳೆಯ ಕಡೆಯ ಒಂದೇ ಓಣಿಯಲ್ಲಿ ಬೆಳೆದೆವು. ಅವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಶಾಲೆಗೆ ಹೋಗುವಾಗ ರೈಲ್ವೆ ಗೇಟು ದಾಟುವ ತನಕ ನನ್ನ ಕೈ ಹಿಡಿದುಕೊಂಡಿರಬೇಕೆಂದು ನನ್ನಮ್ಮ ಅವಳಿಗೆ ವಹಿಸಿಕೊಟ್ಟಿದ್ದಳು. ದಾಟಿದ ಮೇಲೂ ಅವಳು ಬಿಡುತ್ತಿರಲಿಲ್ಲ. ಮದುವೆಯಾಗಿ ಇಬ್ಬರೂ ದಾವಣಗೆರೆಯ ಒಂದೇ ವಾರ್ಡಿಗೆ ಬಂದದ್ದು ನಮ್ಮ ಅದೃಷ್ಟವೆಂದು ತವರಿನವರು ಹೇಳುತ್ತಿದ್ದರು. ಆದರೆ ದೊಡ್ಡ ಮನೆಯ ಸೊಸೆ ಗಿರಣಿಗೆ ಬರುವುದಿಲ್ಲ, ಆಳು ಬರುತ್ತಾನೆ. ಹಬ್ಬಕ್ಕೊಮ್ಮೆ ಮಾತು, ಅಷ್ಟೇ. ಅವಳ ಪೋಸ್ಟರಿನಲ್ಲಿ ಪರಮೇಶಪ್ಪನವರ ಮುಖ ದೊಡ್ಡದಾಗಿತ್ತು, ಕೆಳಗೆ ಮೂಲೆಯಲ್ಲಿ ಗಿರಿಜಕ್ಕ ಕೈಮುಗಿದುಕೊಂಡಿದ್ದಳು.

ಅಭ್ಯರ್ಥಿಗಳನ್ನೆಲ್ಲ ಕೂರಿಸಿ ಅಧಿಕಾರಿಗಳು ನಿಯಮ ಓದಿ ಹೇಳಿದರು. ನೀತಿ ಸಂಹಿತೆ ಜಾರಿಯಲ್ಲಿದೆ. ಮೈಕಿಗೆ ಅನುಮತಿ ಬೇಕು, ವಾಹನಕ್ಕೆ ಅನುಮತಿ ಬೇಕು. ಮತದಾರರಿಗೆ ಸೀರೆ, ಕುಕ್ಕರು, ಖಣ, ಊಟ ಯಾವುದನ್ನೂ ಕೊಡಕೂಡದು. ಕೊಟ್ಟರೆ ಕೇಸು. ನಾನು ಮುಂದಿನ ಸಾಲಿನಲ್ಲಿ ಕೂತು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದೆ. ನನ್ನ ಪಕ್ಕದ ಸಾಲಿನಲ್ಲಿ ಗಿರಿಜಕ್ಕ ಇದ್ದಳು, ಅವಳ ಪಕ್ಕದಲ್ಲಿ ಪರಮೇಶಪ್ಪ. ಪ್ರಶ್ನೆ ಇದ್ದರೆ ಅಭ್ಯರ್ಥಿಗಳು ಕೇಳಬಹುದು ಎಂದಾಗ ಅವರೇ ಎದ್ದು ಕೇಳಿದರು. ಗಿರಿಜಕ್ಕ ಉಗುರು ನೋಡಿಕೊಳ್ಳುತ್ತಿದ್ದಳು.

ಪ್ರಚಾರ ಶುರುವಾಯಿತು. ಬೆಳಿಗ್ಗೆ ಇಬ್ಬನಿ, ಹತ್ತು ಗಂಟೆಗೆ ಚುರುಕು ಬಿಸಿಲು. ಊರ ಹೊರಗಿನ ರಸ್ತೆಗಳಲ್ಲಿ ಮೆಕ್ಕೆಜೋಳ ಹರವಿದ್ದರು. ಅದರ ಧೂಳು ಸಂಜೆ ಗಾಳಿಗೆ ಓಣಿಯ ತನಕ ಬರುತ್ತಿತ್ತು. ಗಿರಣಿಯ ಕೆಲಸ ಮುಗಿಸಿ, ಕೂದಲಿನ ಹಿಟ್ಟು ಕೊಡವಿಕೊಂಡು, ನಾಲ್ಕು ಜನ ಹೆಂಗಸರೊಂದಿಗೆ ಮನೆ ಮನೆಗೆ ಹೋಗುತ್ತಿದ್ದೆ. ಮೊದಲ ಮನೆಯಲ್ಲೇ ಒಂದು ವಿಷಯ ನಡೆಯಿತು. ಕರಪತ್ರ ಕೊಟ್ಟು ಹೊರಡಬೇಕೆನ್ನುವಾಗ ಆ ಮನೆಯಾಕೆ, "ಕೂಡ್ರಿ ಒಂದು ನಿಮಿಷ, ಹೊಸ್ತಿಲಿಗೆ ಬಂದ ಹೆಣ್ಮಗಳನ್ನ ಹಂಗೇ ಕಳಸಾಕೆ ಬರ್ತೈತಾ?" ಎಂದು ಮಣೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಸೆರಗು ಒಡ್ಡೆಂದಳು. ಅಕ್ಕಿ, ಕೊಬ್ಬರಿ ಗಿಟುಕು, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ, ಮೇಲೊಂದು ಖಣ. ನನ್ನ ಕಣ್ಣಲ್ಲಿ ನೀರು ಬಂತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಶಾಸ್ತ್ರವನ್ನು ಓಟು ಕೇಳಲು ಬಂದವಳಿಗೆ ಮಾಡಿದ್ದಳು. ಎರಡನೇ ಮನೆಯಾಕೆ ಕಿಟಕಿಯಿಂದ ನೋಡಿದ್ದಳು, ಅವಳೂ ಮಾಡಿದಳು. ಆಮೇಲೆ ಒಬ್ಬರು ಮಾಡಿದ ಮೇಲೆ ಇನ್ನೊಬ್ಬರು ಬಿಡುವುದಾದರೂ ಹೇಗೆ? ಹಾಲಮ್ಮ ಗಂಡನಿಲ್ಲದವಳು, ತಾನು ತುಂಬುವ ಹಾಗಿಲ್ಲವೆಂದು ಹಿಂದೆ ಸರಿದು ನಿಂತು ಸೊಸೆಯ ಕೈಯಲ್ಲಿ ತುಂಬಿಸಿದಳು. ಕೊನೆಗೆ ತಡೆಯಲಾರದೆ ತಾನೂ ಒಂದು ಹಿಡಿ ಮಂಡಕ್ಕಿ ಹಾಕಿದಳು.

ನಮ್ಮ ಕಡೆಯ ಖಣಗಳ ಕಥೆ ಎಲ್ಲರಿಗೂ ಗೊತ್ತು. ಹೊಲಿಸಿಕೊಳ್ಳುವವರು ಯಾರೂ ಇಲ್ಲ. ಇವರ ಮನೆಯ ತೊಟ್ಟಿಲಿಗೆ ಬಂದದ್ದು ಅವರ ಮನೆಯ ಗೃಹಪ್ರವೇಶಕ್ಕೆ ಹೋಗುತ್ತದೆ, ಅಲ್ಲಿಂದ ಮಾಯಕೊಂಡದ ಬೀಗರ ಮನೆಗೆ, ಮತ್ತೆ ತಿರುಗಿ ಊರಿಗೆ. ನನ್ನ ಉಡಿಗೆ ಬಿದ್ದ ಒಂದು ಗುಲಾಬಿ ಖಣದ ಮೂಲೆಯಲ್ಲಿ ನಾನೇ ಮಾಡಿದ್ದ ಅರಿಸಿನದ ಕಲೆ ಸಿಕ್ಕಿತು. ನಕ್ಕು ನಕ್ಕು ಸಾಕಾಯಿತು. ಆದರೆ ಒಳಗೊಳಗೇ ನಾನು ಬೇರೆಯೇ ತಿಳಿದುಕೊಂಡೆ. ಉಡಿ ತುಂಬಿದವರು ಓಟು ಹಾಕದೇ ಇರುತ್ತಾರೆಯೇ? ಸಂಜೆ ಮನೆಗೆ ಬಂದು ಅಂದಿನ ಖಣಗಳ ಲೆಕ್ಕವನ್ನು ಬಣ್ಣ ಸಮೇತ ಯಜಮಾನರಿಗೆ ಒಪ್ಪಿಸುತ್ತಿದ್ದೆ. ಅವರು ತಾಳೆ ಹಾಕಿದವರಂತೆ ತಲೆಯಾಡಿಸಿ, "ನೀನು ಗೆದ್ದಿ ತಗಾ" ಎನ್ನುತ್ತಿದ್ದರು.

ಓಣಿಯ ಎಲ್ಲ ಮನೆಗೂ ಹೋಗಬೇಕೆಂದ ಮೇಲೆ ಎದುರಾಳಿಯ ಮನೆ ಬಿಡುವುದು ಸರಿಯಲ್ಲ ಅನ್ನಿಸಿತು. ಜೊತೆಯವರು ಬೇಡವೆಂದರೂ ನಾನೊಬ್ಬಳೇ ಒಳಗೆ ಹೋದೆ. ಪರಮೇಶಪ್ಪ ಇರಲಿಲ್ಲ. ಗಿರಿಜಕ್ಕ ಅಡುಗೆಮನೆಯಿಂದ ಬಂದವಳು ನನ್ನ ಕೈಲಿದ್ದ ಕರಪತ್ರ ನೋಡಿ ನಕ್ಕಳು. "ನನ್ನ ಹತ್ರ ವೋಟು ಕೇಳಾಕೆ ಬಂದೀಯೇನೇ ಶಾರಿ?" ಎಂದಳು. "ಕೇಳೋದು ನನ್ನ ಕೆಲ್ಸ, ಹಾಕೋದು ನಿನ್ನಿಷ್ಟ" ಎಂದೆ. ಅವಳು ಒಳಗೆ ಹೋಗಿ ಮೊರ ತಂದಳು. ಉಡಿ ತುಂಬಿ, ಮೇಲೊಂದು ಹಸಿರು ಖಣ ಇಟ್ಟಳು. ದಪ್ಪ ಅಂಚಿನದು, ಊರು ಸುತ್ತಿ ಬಂದದ್ದಲ್ಲ. "ಇದನ್ನ ಯಾರಿಗೂ ದಾಟಸಬ್ಯಾಡ, ಹೊಲಿಸ್ಕ. ಹರಿಹರದ ಹೆಣ್ಮಗಳನ್ನ ಬರಿ ಉಡೀಲಿ ಕಳಿಸಿದೆ ಅಂತ ನಿಮ್ಮವ್ವ ನನ್ನ ಬೈಬಾರ್ದು" ಎಂದಳು. ನನ್ನ ತಾಯಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು.

ಬಹಿರಂಗ ಪ್ರಚಾರ ಮುಗಿಯುವ ದಿನ ಬಂತು. ಸಂಜೆ ಐದಕ್ಕೆ ಮೈಕು ಬಂದ್. ಆ ದಿನ ಬಾಕಿಯಿದ್ದ ಮನೆಗಳೆಲ್ಲ ಮುಗಿಸಬೇಕೆಂದು ಓಡಾಡಿದ್ದರಿಂದ ಎರಡು ಚೀಲ ತುಂಬಿತ್ತು. ಹಿಂದಿನ ದಿನಗಳದ್ದನ್ನು ದಿನಾ ಹೊತ್ತು ತರಲಾರದೆ ಜೊತೆಯವಳ ಮನೆಯಲ್ಲೇ ಬಿಟ್ಟಿದ್ದೆ. ಗಿರಿಜಕ್ಕನ ಹಸಿರು ಖಣವೂ ಅಲ್ಲಿತ್ತು. ಎಲ್ಲವನ್ನೂ ಆಟೋಗೆ ಹಾಕಿಕೊಂಡು ಮನೆಗೆ ಹೊರಟೆ. ಗಿರಣಿಯ ತಿರುವಿನಲ್ಲಿ ಜೀಪೊಂದು ಅಡ್ಡ ಬಂದು ನಿಂತಿತು. ಒಬ್ಬ ಅಧಿಕಾರಿ, ಒಬ್ಬ ಪೊಲೀಸಿನವ, ಕ್ಯಾಮೆರಾ ಹಿಡಿದವನೊಬ್ಬ.

"ಏನ್ ಮೇಡಂ ಇವೆಲ್ಲಾ?"

"ಖಣ, ಕೊಬ್ಬರಿ."

"ಕಾಣ್ತೈತ್ರಿ. ಹಂಚಾಕೆ ತಂದಿದ್ದಾ ಅಂತ ಕೇಳಿದ್ದು. ನೀವು ಖಣ ಹಂಚ್ತಾ ಇದೀರಿ ಅಂತ ಕಂಪ್ಲೇಂಟ್ ಬಂದೈತೆ."

"ಇಲ್ರಿ ಸಾರ್, ನಾನು ಕೊಟ್ಟಿಲ್ಲ. ಇವೆಲ್ಲಾ ನನಗ ಕೊಟ್ಟಿದ್ದು."

"ಯಾರು?"

"ಮತದಾರರು."

ಕ್ಯಾಮೆರಾದವನು ನಗು ತಡೆಯಲಾರದೆ ಮುಖ ತಿರುಗಿಸಿದ. ಅಧಿಕಾರಿ ಎಲ್ಲೋ ಕಾಲೇಜಿನಲ್ಲಿ ಪಾಠ ಹೇಳುವವರು, ಚುನಾವಣೆ ಕೆಲಸಕ್ಕೆ ಹಾಕಿದ್ದರು. ಒರಟರಲ್ಲ, ದಣಿದಿದ್ದರು. "ನೋಡ್ರಿ ಅಮ್ಮ, ಅಭ್ಯರ್ಥಿ ಮತದಾರರಿಗೆ ಏನು ಕೊಟ್ರು ಅಂತ ಬರ್ಕಳಾಕೆ ಕಾಲಂ ಐತೆ. ಮತದಾರರು ಅಭ್ಯರ್ಥಿಗೆ ಕೊಟ್ರು ಅನ್ನಾಕೆ ಕಾಲಂ ಇಲ್ಲ. ಯಾರಾದ್ರೂ ಬಂದು ಹೌದು ಅಂತ ಹೇಳ್ತಾರಾ?" ಎಂದರು.

ಹೇಳದೇ ಏನು? ನಾನು ಓಣಿಯ ಕಡೆ ತಿರುಗಿದೆ. ಜೀಪು ನೋಡಿ ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿಯುತ್ತಿದ್ದರು. ಮೊದಲ ದಿನ ಮಣೆ ಹಾಕಿದವಳ ಹೆಸರು ಹಿಡಿದು ಕೂಗಿದೆ. ಅವಳು ಹೊಸ್ತಿಲಿಗೆ ಬಂದಳು, ಕ್ಯಾಮೆರಾ ನೋಡಿದಳು. "ಕೊಟ್ಟೋರ ಮೇಲೂ ಕೇಸ್ ಆಗ್ತೈತೇನ್ರಿ?" ಎಂದು ಪೊಲೀಸಿನವನನ್ನು ಕೇಳಿದಳು. ಅವನು "ನಂಗೊತ್ತಿಲ್ಲಮ್ಮ" ಎಂದ. ಅವಳು ಒಳಗೆ ಹೋದಳು. ಅದು ಹೆದರಿಕೆ ಮಾತ್ರವಲ್ಲ, ನನಗೆ ಗೊತ್ತಿತ್ತು. ಶಾರದಮ್ಮನ ಉಡಿ ತುಂಬಿದೆ ಎಂದು ಎಲ್ಲರೆದುರು ಹೇಳಿದರೆ ಪರಮೇಶಪ್ಪನವರ ಕಿವಿಗೆ ಬೀಳುತ್ತದೆ. ಸೋತರೆ ಗಿರಣಿಗೆ ಹಿಂತಿರುಗಬಹುದಿತ್ತು. ಖಣ ಹಂಚಿ ಸಿಕ್ಕಿಬಿದ್ದವಳು ಎಂಬ ಹೆಸರು ಬಂದರೆ ಆ ತಕ್ಕಡಿಯ ಮುಂದೆ ಯಾವ ಮುಖ ಇಟ್ಟುಕೊಂಡು ಕೂರಲಿ? ಅಳಬಾರದೆಂದು ಹಲ್ಲು ಕಚ್ಚಿಕೊಂಡೆ. ಅಧಿಕಾರಿ ಚೀಲದಿಂದ ಒಂದೊಂದೇ ಖಣ ತೆಗೆದು ಆಟೋದ ಸೀಟಿನ ಮೇಲೆ ಇಡತೊಡಗಿದರು.

ಆಗ ಮೇಲಿನ ಮನೆಯಿಂದ ಗಿರಿಜಕ್ಕ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆಯೇ ಪರಮೇಶಪ್ಪ, ಅವರ ಹಿಂದೆ ಅವರ ಕಡೆಯ ಇಬ್ಬರು. ದೂರು ಎಲ್ಲಿಂದ ಹೋಗಿತ್ತೆಂದು ತಿಳಿಯಲು ಆ ಇಬ್ಬರ ಮುಖ ನೋಡಿದರೆ ಸಾಕಿತ್ತು. ಗಿರಿಜಕ್ಕ ನನ್ನನ್ನು ನೋಡಲೇ ಇಲ್ಲ. ಸೀಟಿನ ಮೇಲಿನ ರಾಶಿಯಿಂದ ಹಸಿರು ಖಣ ಎಳೆದು ಅಧಿಕಾರಿಗೆ ತೋರಿಸಿ, "ಇದು ನಾನು ಕೊಟ್ಟಿದ್ದು" ಎಂದಳು.

"ನೀವು ಯಾರ್ರಿ?"

"ನಾನೂ ಕ್ಯಾಂಡಿಡೇಟು. ಈಕಿ ಎದುರು ನಿಂತೀನಿ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಎದುರಾಳಿಗೆ ನೀವ್ಯಾಕ್ರಿ ಖಣ ಕೊಟ್ರಿ?"

"ಮನಿಗೆ ಬಂದಿದ್ಲು. ಉಡಿ ತುಂಬಿದೆ. ನನಗೂ ಇದೇ ಓಣಿಯೋರು ತುಂಬ್ಯಾರ, ಬೇಕಾದ್ರ ನಮ್ಮನಿಗೆ ಬರ್ರಿ, ಎರಡು ಟ್ರಂಕು ತೋರಿಸ್ತೀನಿ. ಕೇಸ್ ಹಾಕೋದಾದ್ರ ನನ್ನ ಮ್ಯಾಲೂ ಹಾಕ್ರಿ."

"ಏಯ್, ಸಾಕು, ಒಳಗ ನಡಿ" ಎಂದರು ಪರಮೇಶಪ್ಪ. ದನಿ ಜೋರಿರಲಿಲ್ಲ, ಆದರೆ ಓಣಿಗೆಲ್ಲ ಕೇಳಿಸಿತು.

ಗಿರಿಜಕ್ಕ ತಿರುಗಿದಳು. "ಕ್ಯಾಂಡಿಡೇಟು ನಾನ್ರಿ. ನೀವು ಏಜೆಂಟು" ಎಂದಳು.

ಅಷ್ಟು ವರ್ಷದಲ್ಲಿ ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹಾಲಮ್ಮ ಬಾಗಿಲು ತೆಗೆದು ಬಂದು, "ಆ ಹಳದಿ ನಮ್ಮನಿದು" ಎಂದಳು. ಆಮೇಲೆ ಮಣೆ ಹಾಕಿದವಳೂ ಬಂದಳು. ಒಬ್ಬೊಬ್ಬರೂ ತಮ್ಮ ಖಣ ಗುರುತಿಸತೊಡಗಿದರು. ಗುಲಾಬಿ ಖಣಕ್ಕೆ ಮೂವರು ವಾರಸುದಾರರಾದರು, ಅದು ಮೂವರ ಮನೆಯನ್ನೂ ಸುತ್ತಿ ಬಂದಿತ್ತು. ಅಧಿಕಾರಿ ಗಿರಿಜಕ್ಕನ ಹೇಳಿಕೆ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಖಣಗಳನ್ನು ತಾವೇ ಮಡಿಸಿ ಚೀಲಕ್ಕೆ ತುಂಬಿದರು. "ಇನ್ನು ಮತದಾನ ಮುಗಿಯೋ ತನಕ ಯಾರ ಮನೀಲೂ ಉಡಿ ತುಂಬಿಸ್ಕೋಬ್ಯಾಡ್ರಿ ತಾಯಿ" ಎಂದು ಕೈಮುಗಿದು ಹೋದರು.

ನಾನು ಸೋತೆ. ಅಲ್ಪಸ್ವಲ್ಪದಲ್ಲಿ ಅಲ್ಲ, ಚೆನ್ನಾಗಿಯೇ ಸೋತೆ. ಗಿರಿಜಕ್ಕ ಗೆದ್ದಳು. ಎಣಿಕೆ ಮುಗಿದ ಮರುದಿನ ಗಿರಣಿ ತೆಗೆದರೆ ಅದೇ ಹೆಂಗಸರು ಅದೇ ಡಬ್ಬಿ ಹಿಡಿದು ಬಂದು ಸಾಲಾಗಿ ಕೂತರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕಲ್ಲು ಬಿಗಿ ಮಾಡಿ ಎಲ್ಲರ ಹಿಟ್ಟನ್ನೂ ಸುಟ್ಟ ವಾಸನೆ ಬರುವಷ್ಟು ಬಿಸಿ ಮಾಡಿಬಿಟ್ಟೆ. ಹಾಲಮ್ಮ ಹಿಟ್ಟು ಮೂಸಿ ನೋಡಿ ಮೆಲ್ಲಗೆ ಹೇಳಿದಳು, "ಉಡಿ ನಾವು ತುಂಬಿದ್ವಿ ಶಾರದಕ್ಕ. ವೋಟು ಮನಿ ಗಂಡಸ್ರು ಹೇಳಿದಂಗ ಆತು. ನಂದೊಂದು ನಿನಗ ಹಾಕೀನಿ, ನಂಬಿದ್ರ ನಂಬು." ನಂಬಿದೆ. ಉಳಿದವರ ಮೇಲಿನ ಸಿಟ್ಟು ಇಳಿಯಲು ಬೇಸಿಗೆಯ ತನಕ ಬೇಕಾಯಿತು. ಉಡಿ ತುಂಬುವುದು ಅವರ ಕೈಯಲ್ಲಿದ್ದ ಕೆಲಸ, ಅದನ್ನು ಮನಸಾರೆ ಮಾಡಿದ್ದರು. ಓಟು ಅವರ ಕೈಗೆ ಇನ್ನೂ ಬಂದಿರಲಿಲ್ಲ. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಗೆದ್ದವಳ ಕೈಗೂ ಏನೂ ಬರಲಿಲ್ಲ. ಫೋನು ಮಾಡಿದರೆ ಪರಮೇಶಪ್ಪ ಎತ್ತುತ್ತಿದ್ದರು. ಚರಂಡಿ ನೋಡಲು ಪರಮೇಶಪ್ಪ ಬರುತ್ತಿದ್ದರು. ಒಮ್ಮೆ ಹರಿಹರದಲ್ಲಿ ತವರಿನ ಕಡೆಯ ಮದುವೆಗೆ ಇಬ್ಬರೂ ಹೋಗಿದ್ದೆವು. ಊಟ ಮುಗಿಸಿ ಹೊಳೆಯ ಕಡೆ ನಡೆದೆವು. ನೀರು ಕಡಿಮೆಯಾಗಿ ಬಂಡೆಗಳು ಕಾಣುತ್ತಿದ್ದವು. ನಾನು ಅಲ್ಲಿಯವರೆಗೆ ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ, ಹೇಳಲು ಬಾಯಿ ತೆಗೆದೆ. ಅವಳು ತಡೆದಳು. "ಬ್ಯಾಡ ಬಿಡು. ನಿನ್ನ ಸಲುವಾಗಿ ಅಷ್ಟೇ ಅಲ್ಲ ನಾನು ಬಂದಿದ್ದು. ಇಡೀ ಎಲೆಕ್ಷನ್‌ನಾಗ ನಾನು ಬಾಯಿ ಬಿಟ್ಟು ಮಾತಾಡಿದ್ದು ಆವತ್ತೊಂದೇ ದಿನ" ಎಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಕೊಟ್ಟಳು.

ಈಗ ಮತ್ತೆ ಚುನಾವಣೆ. ಹಳೇ ವಾರ್ಡು ಸಾಮಾನ್ಯಕ್ಕೆ ಬಂದಿದೆ, ಪರಮೇಶಪ್ಪ ತಯಾರಾಗಿದ್ದಾರೆ. ನಾವೀಗ ಇರುವ ವಾರ್ಡು ಮಹಿಳೆಯರಿಗೆ. ಇಲ್ಲಿ ನಾನು ಹಾಕಿಕೊಂಡ, ಹಿಟ್ಟು ಮಾತ್ರ ಬೀಸುವ ಹೊಸ ಗಿರಣಿಯ ಬೆಂಚಿನ ಮೇಲೂ ಅದೇ ಮಾತು, "ಶಾರದಕ್ಕ, ನೀವ್ಯಾಕ ನಿಂದ್ರಬಾರ್ದು?" ನನಗೂ ಆಸೆ ಸತ್ತಿರಲಿಲ್ಲ. ಯಜಮಾನರು ಈ ಸಲ ಯಾವ ಚಿಹ್ನೆ ಸಿಗುತ್ತದೋ ಎಂದು ತಮಾಷೆ ಶುರು ಮಾಡಿದ್ದರು.

ಹೋದ ವಾರ ಗಿರಿಜಕ್ಕ ಬಂದಳು. ಆಟೋದಲ್ಲಿ ಒಬ್ಬಳೇ.

"ಶಾರಿ, ನಿಮ್ಮ ವಾರ್ಡಿನಾಗ ನಿಂದ್ರಬೇಕು ಅಂತ ಮಾಡೀನಿ. ಪಕ್ಷ ಇಲ್ಲ, ಏನಿಲ್ಲ."

"ಮನಿಯೋರು?"

"ಮನಿಗೊಬ್ರು ಸಾಕು ಅಂದ್ರು. ಆಗ್ಲಿ, ಆ ಒಬ್ರು ನಾನ್ಯಾಕ ಆಗಬಾರ್ದು ಅಂತ ಕೇಳಿದೆ. ಅವತ್ತಿಂದ ಮಾತಿಲ್ಲ." ನೀರಿನ ಲೋಟ ಕೆಳಗಿಟ್ಟಳು. "ಈ ಊರಿನ ವೋಟರ್ ಆದ್ರ ಸಾಕು, ಯಾವ ವಾರ್ಡಿನಾಗ ಬೇಕಾದ್ರೂ ನಿಂದ್ರಬೌದಂತ. ಆದ್ರ ನಾಮಪತ್ರಕ್ಕ ಸಹಿ ಹಾಕೋ ಸೂಚಕರು ಮಾತ್ರ ಆ ವಾರ್ಡಿನೋರೇ ಆಗ್ಬೇಕು. ನನಗಿಲ್ಲಿ ನೀನು ಬಿಟ್ರ ಯಾರೈದಾರ? ಮೊದ್ಲ ಸಹಿ ನಿಂದಿರ್ಲಿ."

ನನ್ನ ಮುಖದಲ್ಲಿ ಏನು ಕಂಡಳೋ, ಮೆಲ್ಲಗೆ ಕೇಳಿದಳು, "ನೀನೇ ನಿಂದ್ರಾಕಿ ಇದ್ದೇನು? ಹೇಳಿಬಿಡು. ಇನ್ನೊಂದು ಸಲ ನಿನ್ನ ಎದುರು ನಿಂದ್ರಾಕೆ ನನ್ನಿಂದ ಆಗಲ್ಲ."

ಚಹ ಮಾಡುವ ನೆಪದಲ್ಲಿ ಒಳಗೆ ಹೋದೆ. ಹಾಲು ಉಕ್ಕುವ ತನಕ ನಿಂತು ಯೋಚಿಸಿದೆ. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳು ಹೇಳುವುದಿಲ್ಲ. ನಾನು ಗಿರಣಿಯಲ್ಲಿ ದಿನಾ ಮಾತಾಡುತ್ತೇನೆ, ಜಗಳ ಆಡುತ್ತೇನೆ, ಗಂಡನಿಗೆ ತಿರುಗಿ ಹೇಳುತ್ತೇನೆ. ಅವಳಿಗೆ ಒಂದೇ ದಿನ ಸಿಕ್ಕಿತ್ತು, ಅದನ್ನೂ ನನಗಾಗಿ ಖರ್ಚು ಮಾಡಿದ್ದಳು. ಲೋಟ ತಂದು ಅವಳ ಮುಂದಿಟ್ಟು, "ಪೋಸ್ಟರಿನಾಗ ನಿನ್ನ ಫೋಟೋ ಒಂದೇ ಇರ್ಬೇಕು, ದೊಡ್ಡದು" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

ಆ ಹಸಿರು ಖಣವನ್ನು ನಾನು ಯಾರಿಗೂ ದಾಟಿಸಿರಲಿಲ್ಲ, ಹೊಲಿಸಿಯೂ ಇರಲಿಲ್ಲ. ಈರಣ್ಣ ಅದನ್ನು ಬೆಳಕಿಗೆ ಹಿಡಿದು, ನುಸಿಗುಳಿಗೆ ವಾಸನೆಗೆ ಮೂಗು ಮುರಿದು, "ಬಟ್ಟೆ ಗಟ್ಟಿ ಐತಿ ಅಕ್ಕ. ಇಷ್ಟು ದಿನ ಯಾಕ ಇಟ್ಟಿದ್ರಿ?" ಎಂದ. ಗಿರಿಜಕ್ಕನ ನಾಮಪತ್ರಕ್ಕೆ ಸಹಿ ಹಾಕಲು ತೊಟ್ಟು ಹೋಗಬೇಕಿತ್ತು, ನಾಳೆಯೇ ಬೇಕೆಂದೆ. ಗೊಣಗಿದ.

"ಅಷ್ಟು ಅವಸರದ ಕಾರ್ಯ ಏನ್ರಿ?"

"ಹರಿಹರದ ಹೆಣ್ಮಗಳೊಬ್ಬಳನ್ನ ಕಳಿಸಿಕೊಡೋದೈತೆ" ಎಂದೆ.